ಜೋಡಿಯ ಎರಡನೆಯ ಹಾಡು

ಓಯ್ವ ಪಿಟ್ಕಾನೆನ್ ತನ್ನ ಮದುವೆಯಲ್ಲೇ ಕುಣಿಯದ ಗಂಡು. ಕೆರೆಗಳೇ ತುಂಬಿದ ನಮ್ಮ ಬಡಗಣ ಸಾವೋ ಸೀಮೆಯಲ್ಲಿ ಅವನ ಹೆಸರೆತ್ತಿದರೆ ಸಾಕು, ಜನ ಮೊದಲು ಹೇಳುವುದು ಇದನ್ನೇ, ಅದೂ ನಗುತ್ತಾ. ಮದುವೆಗೆ ಗೊತ್ತು ಮಾಡಿದ್ದ ಅಕಾರ್ಡಿಯನ್ ವಾದಕ ಹಿಂದಿನ ದಿನದ ಬೇರೊಂದು ಮದುವೆ ಮನೆಯಲ್ಲೇ ಕುಡಿದು ಉರುಳಿಕೊಂಡಿದ್ದ. ನೆಂಟರೆಲ್ಲ ಅಂಗಳದಲ್ಲಿ ನಿಂತು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಮದುಮಗನೇ ಕೋಟು ಬಿಚ್ಚಿಟ್ಟು, ತನ್ನ ಅಕಾರ್ಡಿಯನ್ ಪೆಟ್ಟಿಗೆ ತರಿಸಿ, ಪಟ್ಟಿಗಳನ್ನು ಹೆಗಲಿಗೇರಿಸಿಕೊಂಡು ಕೂತ. ಮದುವಣಗಿತ್ತಿ ಸೈಮಿ ಮೊದಲ ವಾಲ್ಟ್ಸನ್ನು ಮಾವನ ಜೊತೆ ಕುಣಿದಳು. ಎರಡನೆಯದನ್ನು ಅಣ್ಣನ ಜೊತೆ. ಆಮೇಲೆ ಊರಿನ ಗಂಡಸರೆಲ್ಲರ ಜೊತೆ, ಕೊನೆಗೆ ಚರ್ಚಿನ ಗಂಟೆ ಹೊಡೆಯುವ ಮುದುಕನ ಜೊತೆಯೂ. ಗಂಡನ ಜೊತೆ ಮಾತ್ರ ಇಲ್ಲ.

ಓಯ್ವನಿಗೆ ಅದರಿಂದ ಒಳಗೊಳಗೇ ಸಮಾಧಾನವಾಗಿತ್ತು. ಅವನಿಗೆ ಕುಣಿಯಲು ಬರುತ್ತಿರಲಿಲ್ಲ. ಹದಿನಾರಕ್ಕೇ ವೇದಿಕೆ ಹತ್ತಿದವನು ಕೆಳಗಿಳಿದು ಕಲಿಯುವುದು ಯಾವಾಗ? ಊರಿಗೆ ಊರೇ ಅವನ ತಿದಿಯ ಉಸಿರಿಗೆ ಸುತ್ತುತ್ತಿತ್ತು. ಅವನ ಕಾಲುಗಳು ಮಾತ್ರ ಕುರ್ಚಿಯ ಕೆಳಗೆ ತಾಳ ಹಾಕುವುದನ್ನು ಬಿಟ್ಟು ಬೇರೇನನ್ನೂ ಕಲಿಯಲಿಲ್ಲ.

ಸೈಮಿಗೆ ಕುಣಿತ ಎಂದರೆ ಪ್ರಾಣ. ಬ್ರೆಡ್ ಬೇಯಿಸುವ ಅಂಗಡಿಯಲ್ಲಿ ಬೆಳಗಿನ ಜಾವದಿಂದ ನಿಂತು ದುಡಿದ ಕಾಲುಗಳು ಶನಿವಾರ ಸಂಜೆ ಕುಣಿತದ ಹಲಗೆ ಮುಟ್ಟಿದ ಕೂಡಲೇ ಹಗುರಾಗುತ್ತಿದ್ದವು. ಓಯ್ವ ಅವಳನ್ನು ಮೊದಲು ಕಂಡದ್ದೂ ಹಾಗೆಯೇ. ವೇದಿಕೆಯ ಮೇಲಿನಿಂದ ನೋಡುವವನಿಗೆ ಜನರ ಮುಖ ಕಾಣುವುದಿಲ್ಲ, ನೆತ್ತಿ ಕಾಣುತ್ತದೆ. ನೂರಾರು ನೆತ್ತಿಗಳ ನಡುವೆ ಒಂದು ಬೈತಲೆ ಮಾತ್ರ ಏರಿಳಿಯದೆ, ಕೊಳದ ಮೇಲೆ ದೋಣಿ ಸಾಗಿದ ಹಾಗೆ ಸಾಗುತ್ತಿತ್ತು. ಬಿಡುವಿನಲ್ಲಿ ಅವನು ಕಾಫಿ ಲೋಟ ಹಿಡಿದುಕೊಂಡು ಆ ಬೈತಲೆಯನ್ನು ಹುಡುಕಿಕೊಂಡು ಹೋದ.

ಮದುವೆಯ ಮಾರನೆಯ ಬೆಳಿಗ್ಗೆ ಅವಳು ಕೇಳಿದಳು. "ನಂಗೆ ಉಂಗುರ ಗಿಂಗುರ ಏನೂ ಬೇಡ ಕಣೋ. ಒಂದೇ ಒಂದು ಜೋಡಿ ಕುಣಿ ನನ್ನ ಜೊತೆ. ಆ ಪೆಟ್ಟಿಗೇನ ಒಂದು ಗಳಿಗೆ ಬೇರೆ ಯಾರಾದ್ರೂ ಹಿಡ್ಕೊಳ್ಳಲಿ."

"ಮುಂದಿನ ಬೇಸಿಗೆ ಕಲೀತೀನಿ," ಅಂದ ಓಯ್ವ.

ಜೋಡಿ ಎಂದರೆ ನಮ್ಮ ಕಡೆ ಒಂದು ಕಟ್ಟುಪಾಡು. ಕೆರೆಯ ದಂಡೆಯ ಕುಣಿತದ ಚಾವಡಿಗಳಲ್ಲಿ ಹಾಡುಗಳು ಎಂದೂ ಒಂಟಿಯಾಗಿ ಬರುವುದಿಲ್ಲ. ಟ್ಯಾಂಗೋ ಆದರೆ ಎರಡು ಟ್ಯಾಂಗೋ, ವಾಲ್ಟ್ಸ್ ಆದರೆ ಎರಡು ವಾಲ್ಟ್ಸ್. ಗಂಡಸು ಎದುರು ಗೋಡೆಗೆ ಹೋಗಿ, ಸಾಲಾಗಿ ನಿಂತ ಹೆಂಗಸರಲ್ಲಿ ಒಬ್ಬಳ ಮುಂದೆ ತಲೆಬಾಗುತ್ತಾನೆ. ಮೊದಲ ಹಾಡು ಮುಗಿದ ಮೇಲೆ ಇಬ್ಬರೂ ಹಲಗೆಯ ಮೇಲೇ ನಿಂತು ಎರಡನೆಯದಕ್ಕೆ ಕಾಯುತ್ತಾರೆ. ಅದೂ ಮುಗಿದ ಮೇಲೆ ಅವನು ತೋಳು ಕೊಟ್ಟು ಅವಳನ್ನು ಅವಳ ಜಾಗಕ್ಕೇ ತಂದು ಬಿಟ್ಟು, ಥ್ಯಾಂಕ್ಸ್ ಹೇಳಿ ಹಿಂದಿರುಗಬೇಕು. ನಡುವೆ ಕೈಬಿಟ್ಟವನನ್ನು ಊರು ಸುಮ್ಮನೆ ಬಿಡುವುದಿಲ್ಲ. ಅದೇ ಗಂಡಸು ಅದೇ ಹೆಂಗಸನ್ನು ಬೆನ್ನುಬೆನ್ನಿಗೇ ಇನ್ನೊಂದು ಜೋಡಿಗೆ ಕೇಳಿದರೆ, ಆಗ ಜನ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿಯುತ್ತಾರೆ. ಬಾಯಿ ಬಿಟ್ಟು ಮಾತಾಡಲು ಬಾರದ ನಮ್ಮ ಜನಕ್ಕೆ ಇದೊಂದು ದೊಡ್ಡ ಅನುಕೂಲ. ಏನನ್ನೂ ಹೇಳದೆ ಎಲ್ಲವನ್ನೂ ಹೇಳಿಬಿಡಬಹುದು.

ಮುಂದಿನ ಬೇಸಿಗೆ ಬಂತು, ಅದರ ಮುಂದಿನದೂ ಬಂತು. ಓಯ್ವನ ತಂಡದಲ್ಲಿ ನಾಲ್ವರಿದ್ದರು. ವ್ಯಾನು ಓಡಿಸುವವನೂ ಡ್ರಮ್ ಬಡಿಯುವವನೂ ಆದ ಉನ್ತೋ, ಹಾಡುಗಾರ ಇಸ್ಮೋ, ಗಿಟಾರಿನ ಒಬ್ಬ ಮೂಕಪ್ಪ, ಮತ್ತೆ ಇವನು. ಕೆರೆಗಳ ಮಂಜುಗಡ್ಡೆ ಕರಗಲಿ, ಕಟ್ಟಲಿ, ವರ್ಷವಿಡೀ ಕಾಲಿಗೆ ಚಕ್ರ. ಚಳಿಗಾಲದಲ್ಲಿ ಯುವಕ ಸಂಘಗಳ ಮರದ ಮನೆಗಳು, ಬೇಸಿಗೆಯಲ್ಲಿ ಚಾವಡಿಗಳು. ಸೈಮಿ ಮೊದಮೊದಲು ಜೊತೆಯಲ್ಲಿ ಹೋಗುತ್ತಿದ್ದಳು. ವ್ಯಾನಿನ ಹಿಂದಿನ ಸೀಟಿನಲ್ಲಿ ಡ್ರಮ್ಮಿಗೂ ಪೆಟ್ಟಿಗೆಗೂ ನಡುವೆ ಒತ್ತರಿಸಿಕೊಂಡು ಕೂತು, ದಾರಿಯಲ್ಲಿ ಎಲ್ಲರಿಗೂ ಏಲಕ್ಕಿ ಹಾಕಿದ ಬನ್ನು ಹಂಚುತ್ತಿದ್ದಳು. ಚಾವಡಿ ತಲುಪಿದ ಮೇಲೆ ಮಾತ್ರ ಅವಳಿಗೆ ಕೆಲಸವಿರಲಿಲ್ಲ. ಹೆಂಗಸರ ಗೋಡೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ವಾದ್ಯದವನ ಹೆಂಡತಿಯನ್ನು ಕುಣಿಯಲು ಕರೆಯುವ ಎದೆಗಾರಿಕೆ ಯಾರಿಗಿದೆ? ಮೇಲಿನಿಂದ ಗಂಡ ನೋಡುತ್ತಿರುತ್ತಾನಲ್ಲ. ಗಂಡಸರು ಅವಳ ಹತ್ತಿರ ಬರುತ್ತಿದ್ದಂತೆ ಪಕ್ಕದವಳಿಗೆ ತಲೆಬಾಗುತ್ತಿದ್ದರು. ಇಡೀ ಚಾವಡಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಣಿಯುವವಳು ಚಪ್ಪಲಿಯ ತುದಿಯಿಂದ ತಾಳ ಹಾಕುತ್ತಾ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕೂತಿರುತ್ತಿದ್ದಳು.

"ನೀನು ನುಡಿಸ್ತಿದ್ರೆ ನಾನು ಕೂತ್ಕೋಬೇಕು," ಅನ್ನುತ್ತಿದ್ದಳು ವ್ಯಾನಿನಲ್ಲಿ. "ನೀನು ನುಡಿಸದೇ ಇದ್ರೆ ನಮ್ಮ ಹೊಟ್ಟೆಗಿಲ್ಲ. ಒಳ್ಳೇ ಗಂಡ ಸಿಕ್ಕಿದ ನಂಗೆ."

ಉನ್ತೋ ಸ್ಟಿಯರಿಂಗಿನಿಂದಲೇ ಕೂಗುತ್ತಿದ್ದ. "ಏ ಸೈಮಿ, ನಿನ್ನ ಗಂಡನಿಗೆ ಎರಡು ಎಡಗಾಲು ಕಣಮ್ಮ. ಅವನು ಕುಣಿದ್ರೆ ನಾವೆಲ್ಲಾ ಆಸ್ಪತ್ರೆ ಖರ್ಚು ಕೊಡಬೇಕಾಗತ್ತೆ."

ಎಲ್ಲರೂ ನಗುತ್ತಿದ್ದರು, ಓಯ್ವನೂ ನಗುತ್ತಿದ್ದ. ಮುಂದಿನ ಬೇಸಿಗೆ, ಅನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಮುಂದೂಡುತ್ತಿದ್ದ ಅಷ್ಟೇ. ಅಂಥವರ ಮೇಲೆ ನನಗೆ ಸುಳ್ಳು ಹೇಳುವವರಿಗಿಂತ ಹೆಚ್ಚು ಸಿಟ್ಟು ಬರುತ್ತದೆ. ಮಕ್ಕಳಾಗಲಿಲ್ಲ. ಮನೆ ಎನ್ನುವುದು ಎರಡು ಪ್ರಯಾಣಗಳ ನಡುವೆ ಬಟ್ಟೆ ಒಣಗಿಸುವ ಜಾಗವಾಯಿತು.

ಕೈಸ್ಲಾರಾಂತಾ ಎಂಬ ಚಾವಡಿಯಲ್ಲಿ ಅದು ನಡೆದದ್ದು. ಜುಲೈ ತಿಂಗಳು. ಕಂಬಗಳಿಗೆ ಬರ್ಚ್ ಮರದ ಹಸಿರು ಕೊಂಬೆ ಕಟ್ಟಿದ್ದರು, ಹೊರಗೆ ಸಾಸೇಜು ಸುಡುವ ಹೊಗೆ, ಕೆರೆಯಿಂದ ಸೊಳ್ಳೆ. ಬೇಸಿಗೆಯಲ್ಲಿ ರಾತ್ರಿಯೂ ಕತ್ತಲಾಗದ ಸೀಮೆ ನಮ್ಮದು, ಸಂಜೆಯಾಗಿದ್ದರೂ ನೆತ್ತಿಯ ಮೇಲೆ ಹಗಲು ಹಾಗೇ ನಿಂತಿತ್ತು. ಸೈಮಿ ಅಂದು ಬಹಳ ದಿನಗಳ ಮೇಲೆ ಜೊತೆಗೆ ಬಂದಿದ್ದಳು. ಹಾಲಿನ ಡೇರಿಗೆ ಹೊಸದಾಗಿ ಬಂದಿದ್ದ ವಿಲ್ಯೋ ಎಂಬಾತ ಬೆಂಚಿನ ತುದಿಗೆ ನೆಟ್ಟಗೆ ನಡೆದು ಬಂದು ಅವಳ ಮುಂದೆ ತಲೆಬಾಗಿದ. ಅವಳು ಯಾರ ಹೆಂಡತಿಯೆಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಇಷ್ಟೇ, ಈ ಹೆಂಗಸಿನ ಚಪ್ಪಲಿ ತಾಳ ತಪ್ಪುತ್ತಿಲ್ಲ.

ಅವರು ಟ್ಯಾಂಗೋ ಜೋಡಿಯೊಂದನ್ನು ಕುಣಿದರು. ಓಯ್ವ ಮೇಲಿನಿಂದ ಅವಳ ಬೈತಲೆಯನ್ನು ನೋಡಿದ. ಮೊದಲ ದಿನ ಕಂಡಂತೆಯೇ ಇತ್ತು, ಏರಿಳಿತವಿಲ್ಲದೆ ಸಾಗುತ್ತಿತ್ತು. ವಿಲ್ಯೋ ಅವಳನ್ನು ಕ್ರಮಪ್ರಕಾರ ಬೆಂಚಿಗೆ ಬಿಟ್ಟು, ಥ್ಯಾಂಕ್ಸ್ ಹೇಳಿ ಹೋದ. ಹೋಗಿ ಗಂಡಸರ ಗೋಡೆ ಮುಟ್ಟಿದವನು ಅಲ್ಲಿಂದಲೇ ತಿರುಗಿ ಮತ್ತೆ ಬಂದು ಅವಳಿಗೇ ತಲೆಬಾಗಿದ. ಸೈಮಿ ಎದ್ದಳು.

ಎರಡನೆಯ ಜೋಡಿಯ ಮೊದಲ ಹಾಡು ನುಡಿಸುತ್ತಿದ್ದಾಗ ಓಯ್ವನಿಗೆ ಹೊಳೆಯಿತು. ಅವರನ್ನು ಕುಣಿಸುತ್ತಿರುವುದು ಬೇರೆ ಯಾರೂ ಅಲ್ಲ, ತಾನೇ. ಅವನು ತಿದಿ ಎಳೆದಷ್ಟೂ ಅವರು ಸುತ್ತುತ್ತಿದ್ದರು. ಹಾಡು ಮುಗಿಯಿತು. ಜೋಡಿಗಳೆಲ್ಲ ಹಲಗೆಯ ಮೇಲೆ ನಿಂತು, ಕೈ ಬಿಡದೆ, ಎರಡನೆಯದಕ್ಕೆ ಕಾದರು. ಉನ್ತೋ ಕೋಲುಗಳನ್ನು ಮೇಲೆತ್ತಿದ. ಓಯ್ವ ತಿದಿಯ ಪಟ್ಟಿ ಬಿಗಿದು, ಅಕಾರ್ಡಿಯನ್ನನ್ನು ಹೆಗಲಿನಿಂದಿಳಿಸಿ ಕುರ್ಚಿಯ ಪಕ್ಕಕ್ಕಿಟ್ಟ.

ನಮ್ಮ ಸೀಮೆಯಲ್ಲಿ ಅಂಥದ್ದು ಯಾರೂ ಕಂಡಿರಲಿಲ್ಲ. ಕುಣಿತ ನಿಷೇಧವಾಗಿದ್ದ ಯುದ್ಧದ ಕಾಲದಲ್ಲಿ ಕದ್ದುಮುಚ್ಚಿ ಕುಣಿದಾಗಲೂ, ಕರೆಂಟು ಹೋದಾಗಲೂ, ಒಂದು ಸಲ ಚಾವಡಿಯ ಮಾಡಿಗೆ ಸಿಡಿಲು ಬಡಿದಾಗಲೂ ಜೋಡಿಯ ಎರಡನೆಯ ಹಾಡು ನಿಂತಿರಲಿಲ್ಲ. ಮೊದಲು ಜನ ಪೆಟ್ಟಿಗೆ ಕೆಟ್ಟಿರಬೇಕು ಎಂದುಕೊಂಡು ಕಾದರು. ಆಮೇಲೆ ವೇದಿಕೆ ನೋಡಿದರು. ಓಯ್ವ ಎಲ್ಲಿ ನೋಡುತ್ತಿದ್ದಾನೆ ಎಂದು ನೋಡಿದರು. ಹಾಗೆ ಇಡೀ ಚಾವಡಿಯ ಕಣ್ಣು ಬಂದು ಸೈಮಿಯ ಮೇಲೂ ಅವಳ ಕೈ ಹಿಡಿದಿದ್ದ ಡೇರಿಯವನ ಮೇಲೂ ನಿಂತಿತು. ಯಾರೋ ವಿಲ್ಯೋನ ಕಿವಿಯಲ್ಲಿ ಏನೋ ಅಂದರು. ಅವನ ಮುಖ ಕೆಂಪಾಗಿ, ಆಮೇಲೆ ಬಿಳುಚಿತು. ಬಿಸಿ ಪಾತ್ರೆ ಬಿಟ್ಟವನ ಹಾಗೆ ಅವಳ ಕೈ ಬಿಟ್ಟು, ಜನರ ನಡುವೆ ನುಸುಳಿ, ಬಾಗಿಲು ದಾಟಿ ಹೊರಟುಹೋದ. ಸೈಮಿ ಹಲಗೆಯ ನಟ್ಟನಡುವೆ ಒಬ್ಬಳೇ ನಿಂತಳು. ಅಲ್ಲಿಂದ ಹೆಂಗಸರ ಬೆಂಚಿನ ತನಕ ಜನ ದಾರಿ ಬಿಟ್ಟರು. ತೋಳಿಲ್ಲದೆ, ಜೊತೆಯಿಲ್ಲದೆ, ಆ ದಾರಿಯನ್ನು ಅವಳು ಒಬ್ಬಳೇ ನಡೆದಳು. ಬೆಂಚಿನಿಂದ ಕೈಚೀಲ ತೆಗೆದುಕೊಂಡು ವೇದಿಕೆಯ ಹಿಂದಿನ ಕಾಫಿ ಕೋಣೆಗೆ ಬಂದಳು.

"ಪೆಟ್ಟಿಗೆಗೆ ಏನಾಯ್ತು?" ಅಂದಳು.

"ಏನೂ ಆಗಿಲ್ಲ."

"ಮತ್ತೆ ಯಾಕೆ ನಿಲ್ಲಿಸ್ದೆ?"

"ನಿಂಗೇ ಗೊತ್ತು."

"ನಂಗೇನೂ ಗೊತ್ತಿಲ್ಲ ಓಯ್ವಾ. ನಾನು ಕುಣೀತಿದ್ದೆ, ಅಷ್ಟೇ. ಅವನ ಹೆಸರೇನು ಅಂತಾನೂ ನಾನು ಕೇಳಿರ್ಲಿಲ್ಲ. ನೀನು ನುಡಿಸ್ಕೊಂಡು ಹೋಗಿದ್ರೆ ಯಾರೂ ನಮ್ಮ ಕಡೆ ತಿರುಗಿ ಕೂಡ ನೋಡ್ತಿರ್ಲಿಲ್ಲ. ಈಗ ಇಲ್ಲಿರೋರಿಗೆಲ್ಲಾ ನಾನು ಎಂಥವಳು ಅಂತ ನೀನೇ ಹೇಳಿಬಿಟ್ಟೆ. ಬಾಯಿ ಬಿಡದೇನೇ ಹೇಳಿಬಿಟ್ಟೆ." ಅವಳ ದನಿ ಏರಲಿಲ್ಲ. "ನಡುವೆ ನಿಲ್ಲಿಸಿಬಿಟ್ಟೆಯಲ್ಲೋ ನನ್ನ."

ಓಯ್ವನಿಗೆ ತಪ್ಪಾಯಿತು ಎನ್ನುವ ಮಾತು ಗಂಟಲ ತನಕ ಬಂತು. ನಮ್ಮ ಗಂಡಸರಿಗೆ ಆ ಮಾತು ಅಲ್ಲಿಗೇ ಬಂದು ನಿಲ್ಲುವುದು ರೂಢಿ. ಅವನು ಮೇಜಿನ ಮೇಲಿದ್ದ ಲೋಟವನ್ನು ಅವಳ ಕಡೆ ಸರಿಸಿದ.

"ಕಾಫಿ ಆರಿಹೋಗತ್ತೆ," ಅಂದ.

ಸೈಮಿ ಕಾರ್ಡಿಗನ್ನಿನ ಗುಂಡಿ ಹಾಕಿಕೊಂಡು, ಕುಣಿಯಲು ಬಂದವರನ್ನು ಊರಿಗೆ ಒಯ್ಯುವ ಬಸ್ಸಿನಲ್ಲಿ ಹೋಗಿ ಕೂತಳು. ಬಸ್ಸು ಹೊರಡಲು ಇನ್ನೂ ಬಹಳ ಹೊತ್ತಿತ್ತು. ಓಯ್ವ ಮತ್ತೆ ವೇದಿಕೆ ಹತ್ತಿ ಉಳಿದ ಜೋಡಿಗಳನ್ನು ನುಡಿಸಿದ. ಅಷ್ಟು ಹೊತ್ತೂ ಅವಳು ಖಾಲಿ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು. ಅವನು ಎದ್ದು ಹೋಗಿ ಒಂದು ಮಾತಾಡಬಹುದಿತ್ತು. ಹೋಗಲಿಲ್ಲ.

ಆ ಚಳಿಗಾಲಕ್ಕೆ ಮುಂಚೆಯೇ ಅವಳು ಕುವೋಪಿಯೋ ಪಟ್ಟಣದಲ್ಲಿದ್ದ ತಂಗಿಯ ಮನೆಗೆ ಹೋದಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಜಗಳವಾಗಲಿಲ್ಲ, ಹಂಚಿಕೊಳ್ಳಲು ಹೆಚ್ಚೇನೂ ಇರಲೂ ಇಲ್ಲ. ಡೇರಿಯ ವಿಲ್ಯೋಗೂ ಅವಳಿಗೂ ಏನೋ ಇದೆಯೆಂದು ಜನ ಒಂದು ವರ್ಷ ಬಾಯಿ ಚಪ್ಪರಿಸಿದರು. ಅವನು ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋಗಿ ಮದುವೆಯಾದ ಮೇಲೆ ಜನಕ್ಕೆ ಚಪ್ಪರಿಸಲು ಏನೂ ಉಳಿಯಲಿಲ್ಲ. ಆದರೆ ಅಷ್ಟರಲ್ಲಿ ಸೈಮಿ ಕುಣಿಯುವುದನ್ನೇ ಬಿಟ್ಟಿದ್ದಳೆಂದು ಅವಳ ತಂಗಿ ಇಸ್ಮೋನ ಹೆಂಡತಿಗೆ ಹೇಳಿದಳು. ಇಸ್ಮೋನ ಹೆಂಡತಿ ಇಸ್ಮೋನಿಗೆ ಹೇಳಿದಳು. ಇಸ್ಮೋ ವ್ಯಾನಿನಲ್ಲಿ ಓಯ್ವನಿಗೆ ಹೇಳಿದ. ಓಯ್ವ ಕಿಟಕಿಯ ಹೊರಗೆ ಪೈನ್ ಮರಗಳನ್ನು ನೋಡುತ್ತಾ ಹೂಂ ಅಂದ.

ಆಮೇಲಿನ ವರ್ಷಗಳ ಬಗ್ಗೆ ಹೇಳುವುದು ಕಷ್ಟ, ಯಾಕೆಂದರೆ ಅವೆಲ್ಲ ಒಂದೇ ಥರ ಇದ್ದವು. ಓಯ್ವ ಒಂದು ಬಾಡಿಗೆ ಕೋಣೆ ಹಿಡಿದ. ಹೊರಡುವಾಗ ರೇಡಿಯೋ ಆರಿಸದೆ ಹೋಗುತ್ತಿದ್ದ. ಬೀಗ ತೆಗೆದಾಗ ಒಳಗೆ ಯಾರಾದರೂ ಮಾತಾಡುತ್ತಿರಲಿ ಎಂದು. ಮೀನುಗಾರರಿಗೆ ಗಾಳಿಯ ವರದಿಯೋ ಪಾದ್ರಿಯ ಉಪದೇಶವೋ, ಏನಾದರೂ ಸರಿ. ನಾಡಿಗೆ ನಾಡೇ ಶನಿವಾರ ಸಂಜೆ ಸೌನಾ ಎಂಬ ಹಬೆಮನೆಯ ಬಿಸಿಯಲ್ಲಿ ಕೂತು ಬೆನ್ನು ಉಜ್ಜಿಸಿಕೊಳ್ಳುವಾಗ ಇವನು ವ್ಯಾನಿನಲ್ಲಿ ಇರುತ್ತಿದ್ದ. ಸೋಮವಾರ ಒಬ್ಬನೇ ಹೋಗಿ ಮನೆ ಮಾಲೀಕರ ಸೌನಾದ ಒಲೆಗೆ ಬೆಂಕಿ ಹಾಕಿಕೊಳ್ಳುತ್ತಿದ್ದ. ಬೆನ್ನಿನ ನಡುಭಾಗ ಕೈಗೆ ಎಟುಕುತ್ತಿರಲಿಲ್ಲ. ಸೈಮಿ ಉಜ್ಜುತ್ತಿದ್ದ ಜಾಗ ಅದು.

ಪ್ರಯಾಣದ ಊರುಗಳಲ್ಲಿ ಕಾಫಿ ಅಂಗಡಿಯ ಮೇಲಿನ ಕೋಣೆಗಳು. ಒಂದು ಮಂಚ, ಒಂದು ಕುರ್ಚಿ. ಕುರ್ಚಿಯ ಮೇಲೆ ಅಕಾರ್ಡಿಯನ್ ಇಡುತ್ತಿದ್ದ, ಆದ್ದರಿಂದ ಅವನು ಮಂಚದ ಮೇಲೇ ಕೂರಬೇಕು. ಶರ್ಟನ್ನು ಬೇಸಿನ್ನಿನಲ್ಲಿ ಒಗೆದು ಕಿಟಕಿಯ ಚಿಲಕಕ್ಕೆ ತೂಗುಹಾಕುತ್ತಿದ್ದ. ಪೆಟ್ರೋಲ್ ಬಂಕಿನಲ್ಲಿ ಬಟಾಣಿ ಸಾರು, ರೈ ಬ್ರೆಡ್ಡು. ಎದುರು ಸೀಟಿನಲ್ಲಿ ಕೂತು ಉನ್ತೋ ಹೆಂಡತಿಯ ಬಾಯಿ ಬಗ್ಗೆ, ಇಸ್ಮೋ ಮಗಳ ಹಲ್ಲಿನ ಬಗ್ಗೆ ಗೊಣಗಾಡುವಾಗ ಓಯ್ವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಗೊಣಗಲಿಕ್ಕಾದರೂ ಒಬ್ಬರು ಬೇಕಲ್ಲ.

ಟಿವಿ ಬಂತು, ಕೂದಲು ಬಿಟ್ಟ ಹುಡುಗರ ಸಂಗೀತ ಬಂತು, ಎಷ್ಟೋ ಚಾವಡಿಗಳ ಮಾಡು ಕುಸಿಯಿತು. ಓಯ್ವ ಮಾತ್ರ ನುಡಿಸುತ್ತಲೇ ಇದ್ದ. ಬಿಡುವಿನಲ್ಲಿ ನಡುವಯಸ್ಸಿನ ದಂಪತಿಗಳು ಬಂದು ಅವನ ಕೈ ಹಿಡಿದುಕೊಳ್ಳುತ್ತಿದ್ದರು. "ನಿಮ್ಮ ಟ್ಯಾಂಗೋಗೇ ಸಾರ್ ನಾವಿಬ್ರೂ ಕಂಡಿದ್ದು. ಎರಡನೇ ಜೋಡಿಗೂ ಇವಳನ್ನೇ ಕೇಳಿಬಿಟ್ಟೆ. ನಾಲ್ಕು ಮಕ್ಕಳು ಈಗ." ಓಯ್ವ ತಲೆಯಾಡಿಸಿ ಒಳ್ಳೇದಾಗಲಿ ಅನ್ನುತ್ತಿದ್ದ. ಎಷ್ಟು ಮನೆಗಳಲ್ಲಿ ಅವನ ದೆಸೆಯಿಂದ ತೊಟ್ಟಿಲು ತೂಗಿತೋ. ಅವರು ಹೋದ ಮೇಲೆ ತಿದಿಯನ್ನು ಒಂದು ಸಲ ಸದ್ದಿಲ್ಲದೆ ಎಳೆದು ಬಿಡುತ್ತಿದ್ದ, ನಿಟ್ಟುಸಿರಿಗೆ ಬದಲು.

ಅವನು ಕೈಸ್ಲಾರಾಂತಾಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಅಲ್ಲಿಂದ ಕರೆ ಬಂದಾಗಲೆಲ್ಲ ಉನ್ತೋ ಏನೋ ನೆಪ ಹೇಳುತ್ತಿದ್ದ. ಹಾಗೆ ಮಾಡೆಂದು ಓಯ್ವ ಕೇಳಿರಲಿಲ್ಲ, ಉನ್ತೋ ಹೇಳಿರಲೂ ಇಲ್ಲ. ಆದರೆ ಒಂದು ವಸಂತದಲ್ಲಿ ಉನ್ತೋ ಟೀ ಶರ್ಟಿನೊಳಗೆ ಉಬ್ಬಿದ ಹೊಟ್ಟೆ ಸವರಿಕೊಳ್ಳುತ್ತಾ ಅಂದ. "ನಂಗೂ ವಯಸ್ಸಾಯ್ತು ಮಾರಾಯ. ಇದೇ ನನ್ನ ಕೊನೇ ಬೇಸಿಗೆ. ಎಲ್ಲಾ ಕಡೆ ಒಂದು ಸಲ ಬಾರಿಸಿ ಬಿಡೋಣ ಅಂತ. ಕೈಸ್ಲಾರಾಂತಾಕ್ಕೂ ಒಪ್ಕೊಂಡಿದೀನಿ. ಏನಂತೀಯ?"

"ಒಪ್ಕೊಂಡ ಮೇಲೆ ಏನ್ ಕೇಳ್ತೀಯ," ಅಂದ ಓಯ್ವ.

ಚಾವಡಿಗೆ ಹೊಸ ಬಣ್ಣ ಬಳಿದಿದ್ದರು. ಅದೇ ಬರ್ಚ್ ಕೊಂಬೆ, ಅದೇ ಹೊಗೆ, ಸೊಳ್ಳೆ. ಜನವೂ ಅದೇ, ತಲೆಗಳು ಮಾತ್ರ ನರೆತಿದ್ದವು, ಕೆಲವು ಬೋಳಾಗಿದ್ದವು. ಓಯ್ವ ತಲೆ ತಗ್ಗಿಸಿ ನುಡಿಸಿದ. ಮೂರ್ನಾಲ್ಕು ಜೋಡಿಗಳಾದ ಮೇಲೆ ಒಂದು ಸಲ ಹಲಗೆಯ ಕಡೆ ಕಣ್ಣು ಹಾಯಿಸಿದವನು, ಯಾಕೋ ಹೆಂಗಸರ ಬೆಂಚಿನ ತುದಿಗೂ ನೋಡಿದ. ಬಿಳಿ ಕೂದಲಿನ ನಡುವೆ ಆ ಬೈತಲೆ. ತೊಡೆಯ ಮೇಲೆ ಕೈಚೀಲ. ಚಪ್ಪಲಿಯ ತುದಿ ತಾಳ ಹಾಕುತ್ತಿತ್ತು.

ಅವನ ಬೆರಳುಗಳು ತಪ್ಪಲಿಲ್ಲ. ಅಷ್ಟು ವರ್ಷಗಳಾದ ಮೇಲೆ ಬೆರಳುಗಳು ಯಜಮಾನನನ್ನು ಕೇಳುವುದಿಲ್ಲ. ಆದರೆ ಹಾಡಿನ ಕೊನೆಯ ತನಕ ಅವನಿಗೆ ತಾನೇನು ನುಡಿಸುತ್ತಿದ್ದೇನೆಂದು ಗೊತ್ತಾಗಲಿಲ್ಲ. ಅವಳನ್ನು ಯಾರು ಕರೆತಂದರೋ, ಅವಳಾಗಿಯೇ ಬಂದಳೋ. ಇಸ್ಮೋ ಇದ್ದಕ್ಕಿದ್ದಂತೆ ಮೈಕಿನ ತಂತಿಯಲ್ಲಿ ಬಹಳ ಆಸಕ್ತಿ ತೋರಿಸಿದ್ದರಿಂದ, ಅವನ ಹೆಂಡತಿಯ ಕೈವಾಡ ಇದ್ದರೂ ಇರಬಹುದು.

ಆಗ ವೇದಿಕೆಯ ಪಕ್ಕದ ಗಾಜಿನ ಫಲಕದಲ್ಲಿ ಕೆಂಪು ದೀಪ ಹತ್ತಿತು. ಹೆಂಗಸರ ಸರದಿ. ಇನ್ನು ಆ ದೀಪ ಆರುವ ತನಕ ಹೆಂಗಸರು ಹೋಗಿ ಗಂಡಸರನ್ನು ಕರೆಯಬೇಕು. ಕರೆದರೆ ಗಂಡಸು ಇಲ್ಲ ಅನ್ನುವಂತಿಲ್ಲ, ಕಾಲು ಮುರಿದಿದ್ದರೂ ಏಳಬೇಕು. ಹೆಂಗಸರು ಕಿಲಕಿಲ ನಗುತ್ತಾ ಗಂಡಸರ ಗೋಡೆಯ ಕಡೆ ಹೊರಟರು. ಸೈಮಿ ಎದ್ದು, ಕೈಚೀಲವನ್ನು ಬೆಂಚಿನ ಮೇಲಿಟ್ಟು, ಆ ಕಡೆ ಹೋಗದೆ ನೇರವಾಗಿ ವೇದಿಕೆಯ ಮುಂದೆ ಬಂದು ನಿಂತಳು. ಓಯ್ವನನ್ನು ನೋಡಿ ತಲೆಬಾಗಿದಳು.

ವಾದ್ಯದವನನ್ನು ಯಾರೂ ಕರೆಯುವುದಿಲ್ಲ. ಅದು ಕಟ್ಟುಪಾಡಿನಲ್ಲೇ ಇಲ್ಲ. ಓಯ್ವ ಅಕಾರ್ಡಿಯನ್ನನ್ನು ಅಪ್ಪಿಕೊಂಡು ಹಾಗೇ ಕೂತ.

ಉನ್ತೋ ಡ್ರಮ್ಮಿನ ಹಿಂದಿನಿಂದ ಕೋಲು ಚಾಚಿ ಅವನ ಬೆನ್ನಿಗೆ ತಿವಿದ. "ಏಳಯ್ಯ. ಹೆಂಗಸರ ಸರದೀಲಿ ಇಲ್ಲ ಅಂದೋನು ಗಂಡಸಾ? ಗಿಟಾರ್ ಇದೆ, ನಾನಿದೀನಿ, ನಡಿ."

"ನಂಗೆ ಬರಲ್ಲ ಕಣೋ."

"ಅದು ಇಡೀ ಸೀಮೆಗೇ ಗೊತ್ತು. ಏಳು."

ಅವನು ಪಟ್ಟಿಗಳನ್ನು ಬಿಚ್ಚಿದ. ಪಟ್ಟಿ ಇಳಿದ ಮೇಲೆ ಹೆಗಲು ಖಾಲಿಯಾಗಿ, ತನ್ನ ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಮೆಟ್ಟಿಲಿಳಿದ. ಕೆಳಗಿನಿಂದ ಚಾವಡಿ ಬೇರೆ ಥರ ಇತ್ತು. ಎಲ್ಲೆಲ್ಲೂ ಮುಖಗಳು. ಸೈಮಿ ಅವನ ಬಲಗೈಯನ್ನು ತೆಗೆದು ತನ್ನ ಬೆನ್ನಿನ ಮೇಲಿಟ್ಟುಕೊಂಡು, ಎಡಗೈಯನ್ನು ತಾನೇ ಹಿಡಿದಳು. ಅವಳ ಕೈ ಒರಟಾಗಿತ್ತು, ಬೆಚ್ಚಗಿತ್ತು.

ಟ್ಯಾಂಗೋ ಶುರುವಾಯಿತು. ಅಕಾರ್ಡಿಯನ್ ಇಲ್ಲದ ಟ್ಯಾಂಗೋ ಉಪ್ಪಿಲ್ಲದ ಸಾರಿನ ಹಾಗಿತ್ತು. ಓಯ್ವ ಅವಳ ಪಾದ ತುಳಿದ.

"ತಪ್ಪಾಯ್ತು," ಅಂದ.

"ಹೂಂ," ಅಂದಳು ಸೈಮಿ. "ಬರತ್ತಲ್ಲ ಆ ಮಾತು ಬಾಯಿಗೆ."

ಅವಳು ಅವನನ್ನು ನಡೆಸಿಕೊಂಡು ಹೋದಳು, ನೋಡುವವರಿಗೆ ಅವನೇ ನಡೆಸುತ್ತಿದ್ದಾನೆ ಎನಿಸುವ ಹಾಗೆ. ಅವನಿಗೆ ಅವಳ ಕೂದಲಿನ ವಾಸನೆ ಬಂತು. ಬೇರೆ ಸೋಪು, ಅದರಡಿಯಲ್ಲಿ ಅದೇ ಸೈಮಿ. ಕಣ್ಣು ಉರಿಯಿತು. ಹಾಡು ಮುಗಿಯಿತು.

ಜೋಡಿಗಳೆಲ್ಲ ನಿಂತಲ್ಲೇ ನಿಂತರು. ಅವರಿಬ್ಬರೂ ಹಲಗೆಯ ನಟ್ಟನಡುವೆ ನಿಂತಿದ್ದರು. ವೇದಿಕೆಯ ಮೇಲೆ ಮೂಕಪ್ಪ ಗಿಟಾರಿನ ತಂತಿಯನ್ನು ಬಿಗಿಯುತ್ತಿದ್ದ. ಒಂದು ಸಲ ಮೀಟಿ ಕಿವಿಗೊಟ್ಟ, ಮತ್ತೆ ಬಿಗಿದ. ಎರಡನೆಯದು ಶುರುವಾಗಲಿಲ್ಲ. ಜನ ಇವರನ್ನೇ ನೋಡುತ್ತಿದ್ದರು, ಹಳಬರಿಗೆಲ್ಲ ಗೊತ್ತಿತ್ತು. ಇನ್ನು ಶುರುವಾಗದಿದ್ದರೆ? ಇವಳ ಕೈ ಹಿಡಿದುಕೊಂಡು ಎಷ್ಟು ಹೊತ್ತು ಹೀಗೆ ನಿಲ್ಲುವುದು, ಎಲ್ಲಿ ನೋಡುವುದು? ಓಯ್ವನಿಗೆ ಓಡಿಹೋಗಬೇಕೆನಿಸಿತು. ಹಾಗೆ ಓಡಿಹೋದವನೊಬ್ಬನ ನೆನಪಾಯಿತು.

"ಈಗ ಗೊತ್ತಾಯ್ತಾ," ಅಂದಳು ಸೈಮಿ ಅವನ ಭುಜದ ಹತ್ತಿರದಿಂದ, "ಇಲ್ಲಿ ನಿಂತ್ಕೊಂಡ್ರೆ ಹೇಗಿರತ್ತೆ ಅಂತ."

"ಗೊತ್ತಾಯ್ತು."

"ನಾನು ಒಬ್ಳೇ ನಿಂತಿದ್ದೆ ಓಯ್ವಾ."

ತಂತಿ ಸರಿಹೋಯಿತು. ಉನ್ತೋ ಕೋಲು ಬಡಿದ, ಎರಡನೆಯ ಟ್ಯಾಂಗೋ ಶುರುವಾಯಿತು. ಓಯ್ವ ಈ ಸಲ ಅವಳ ಪಾದ ತುಳಿಯಲಿಲ್ಲ. ಕುರ್ಚಿಯ ಕೆಳಗೆ ಜೀವಮಾನವಿಡೀ ತಾಳ ಹಾಕಿದ ಕಾಲುಗಳಿಗೆ ಕೊನೆಗೂ ಏನೋ ಹೊಳೆದ ಹಾಗಿತ್ತು. ಅವನು ಲೆಕ್ಕ ಹಾಕುತ್ತಿದ್ದ, ಇದು ಎರಡನೆಯ ಚರಣ, ಇದಾದ ಮೇಲೆ ಒಂದೇ. ಹಾಡುಗಳು ಎಷ್ಟು ಚಿಕ್ಕವು ಎಂದು ವೇದಿಕೆಯ ಮೇಲೆ ಕೂತವನಿಗೆ ಯಾವತ್ತೂ ಗೊತ್ತಾಗಿರಲಿಲ್ಲ. ಮೇಲೆ ಕೂತವನಿಗೆ ಅವು ಉದ್ದವೇ.

ಮುಗಿದ ಮೇಲೆ ಅವನು ತೋಳು ಕೊಟ್ಟ. ಬೆಂಚಿನ ತನಕ, ಅವಳು ಅಂದು ಒಬ್ಬಳೇ ನಡೆದ ಆ ದಾರಿಯುದ್ದಕ್ಕೂ, ಅವಳನ್ನು ನಡೆಸಿಕೊಂಡು ಹೋದ. ಅವಸರ ಮಾಡಲಿಲ್ಲ. ಅವಳು ಕೂತಳು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

"ಥ್ಯಾಂಕ್ಸ್," ಅಂದ ಓಯ್ವ. ಅಲ್ಲಿಂದ ಹೊರಡಬೇಕಾದದ್ದು ಕ್ರಮ. ಅವನು ಹೊರಡಲಿಲ್ಲ. "ಸೈಮಿ, ಇನ್ನೊಂದು ಜೋಡಿ?"

ಅವಳು ನಕ್ಕಳು, ಆದರೆ ಬಿಟ್ಟುಕೊಟ್ಟ ನಗು ಅಲ್ಲ. "ಬೇಡ ಕಣೋ. ನಾನು ಕೇಳಿದ್ದು ಒಂದೇ ಜೋಡಿ. ಅದು ಆಯ್ತು." ಅವಳು ಅವನ ಅಂಗಿಯ ತೋಳಿನ ಮಡಿಕೆಯನ್ನು ಒಂದು ಸಲ ಸರಿಮಾಡಿದಳು, ಹಿಂದೆ ಅವನು ವ್ಯಾನು ಹತ್ತುವ ಮುಂಚೆ ಮಾಡುತ್ತಿದ್ದ ಹಾಗೆ. "ಹೋಗು, ನುಡಿಸು ಹೋಗು. ಆ ಗಿಟಾರ್ ಕೇಳಕ್ಕಾಗ್ತಿಲ್ಲ."

ಓಯ್ವ ಮೆಟ್ಟಿಲು ಹತ್ತಿ, ಪಟ್ಟಿಗಳನ್ನು ಹೆಗಲಿಗೇರಿಸಿಕೊಂಡು ಕೂತ. ಅಕಾರ್ಡಿಯನ್ ಎಂದಿಗಿಂತ ಭಾರವಾಗಿತ್ತು. ಉನ್ತೋ ಏನೋ ತಮಾಷೆ ಮಾಡಲು ಬಾಯಿ ತೆರೆದವನು ಅವನ ಮುಖ ನೋಡಿ ಮುಚ್ಚಿಕೊಂಡ. ಕೆಂಪು ದೀಪ ಆರಿತು, ಮತ್ತೆ ಗಂಡಸರ ಸರದಿ. ಕಂಬದ ಪಕ್ಕದಿಂದ ಯಾರೋ ಒಬ್ಬ ಬೋಳುತಲೆಯವನು, ಇಸ್ತ್ರಿ ಮಾಡಿದ ಬಿಳಿ ಅಂಗಿಯವನು, ಹೆಂಗಸರ ಬೆಂಚಿನ ತುದಿಗೆ ಹೋಗಿ ತಲೆಬಾಗಿದ. ವಾದ್ಯದವನೇ ಎಲ್ಲರೆದುರು ತೋಳು ಕೊಟ್ಟು ಬೆಂಚಿಗೆ ತಂದು ಬಿಟ್ಟವಳನ್ನು ಕೇಳಲು ಈಗ ಯಾರೂ ಹೆದರಬೇಕಾಗಿರಲಿಲ್ಲ. ಸೈಮಿ ಎದ್ದಳು.

ವಾಲ್ಟ್ಸ್ ಜೋಡಿ. ಮೊದಲನೆಯದರ ಉದ್ದಕ್ಕೂ ಓಯ್ವ ಆ ಬೈತಲೆಯನ್ನು ನೋಡಿದ. ಅದು ಏರಲಿಲ್ಲ, ಇಳಿಯಲಿಲ್ಲ, ನರೆತ ತಲೆಗಳ ನಡುವೆ ಸಾಗುತ್ತಾ ಸಾಗುತ್ತಾ ದೂರ ಹೋಗಿ, ಸುತ್ತಿ, ಹತ್ತಿರ ಬಂದು, ಮತ್ತೆ ದೂರ ಹೋಯಿತು. ಇಷ್ಟು ವರ್ಷ ಬಿಟ್ಟಿದ್ದವಳು ಮತ್ತೆ ಕುಣಿಯುತ್ತಿದ್ದಳು. ಅವನಿಗೆ ಅದರಿಂದ ಸಂತೋಷವಾಯಿತು. ನೋವು ಅದಕ್ಕಿಂತ ಹೆಚ್ಚಾಯಿತು. ಅವಳನ್ನು ಹಿಡಿದಿದ್ದ ಕೈಗಳೇ ಈಗ ಅಕಾರ್ಡಿಯನ್ನಿನ ಗುಂಡಿಗಳ ಮೇಲಿದ್ದವು.

ಹಾಡು ಮುಗಿಯಿತು. ಜೋಡಿಗಳು ನಿಂತವು. ಬೋಳುತಲೆಯವನ ಕೈಯಲ್ಲಿ ಕೈಯಿಟ್ಟು ನಿಂತಿದ್ದ ಸೈಮಿ ತಲೆಯೆತ್ತಿ ವೇದಿಕೆಯ ಕಡೆ ನೋಡಿದಳು. ಅವಳ ಮುಖ ಪೂರ್ತಿ ಕಾಣಿಸಿತು. ಉನ್ತೋ ಕೋಲುಗಳನ್ನು ಕೆಳಗಿಟ್ಟು ಹಣೆ ಒರೆಸಿಕೊಳ್ಳುತ್ತಿದ್ದ, ಇಸ್ಮೋ ನೀರು ಕುಡಿಯುತ್ತಿದ್ದ.

ಓಯ್ವ ಅವರಿಗಾಗಿ ಕಾಯಲಿಲ್ಲ. ಅವಳನ್ನು ಒಂದು ಗಳಿಗೆಯೂ ಅಲ್ಲಿ ನಿಲ್ಲಿಸದೆ, ಒಬ್ಬನೇ, ತಿದಿ ಎಳೆದು ಎರಡನೆಯದನ್ನು ಶುರು ಮಾಡಿದ.